ನಿನ್ನೆ ಕಾಸಿದ ನೀರು

೨೦೦೨ರ ಡಿಸೆಂಬರ್ ತಿಂಗಳು, ಒಂದು ಭಾನುವಾರ, ಬೆಳಿಗ್ಗೆ ಐದು ಗಂಟೆ. ಸ್ಥಳ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಬಚ್ಚಲು. ಹಾಜರಿದ್ದವರು ನಾನು, ನನ್ನ ಯಜಮಾನರು ಮತ್ತು ಬಾಗಿಲ ಎದುರು ಮಣೆ ಹಾಕಿಕೊಂಡು ಕುಳಿತಿದ್ದ ನಮ್ಮ ಅತ್ತೆ.

ಹೀಗೆ ಬರೆದಿಡುವುದು ನನಗೆ ಹಾಸ್ಟೆಲಿನಿಂದ ಬಂದ ಅಭ್ಯಾಸ. ಹರಪನಹಳ್ಳಿಯ ಬಾಲಕಿಯರ ಹಾಸ್ಟೆಲಿನಲ್ಲಿ ಇಪ್ಪತ್ತಾರು ವರ್ಷ ವಾರ್ಡನ್ ಆಗಿದ್ದೆ. ಎಂಬತ್ತು ಹುಡುಗಿಯರು ಐದರಿಂದ ಆರೂವರೆಯೊಳಗೆ ಸ್ನಾನ ಮುಗಿಸಿ, ಹೆರಳು ಹಾಕಿಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದರು. ನಿವೃತ್ತಳಾಗಿ ಮನೆಗೆ ಬಂದ ಮೇಲೆ ಮೂರು ಜನರ ಸ್ನಾನ ಹೊತ್ತಿಗೆ ಸರಿಯಾಗಿ ಮಾಡಿಸಲು ನನ್ನಿಂದ ಆಗಲಿಲ್ಲ.

ದೀಪಾವಳಿಯವರೆಗೆ ಒಲೆ, ತಾಮ್ರದ ಹಂಡೆ ಇದ್ದವು. ಅತ್ತೆಯೇ ಎದ್ದು ಉರಿ ಹಾಕುತ್ತಿದ್ದರು. ಅವರಿಗೆ ಎಂಬತ್ತೆರಡು ವರ್ಷ. ಕೆಮ್ಮು ಹೆಚ್ಚಾದಾಗ ಡಾಕ್ಟರು ಹೊಗೆಯ ಹತ್ತಿರ ಸುಳಿಯಬಾರದು ಎಂದರು. ಒಲೆ ನಿಂತಿತು, ಬಕೆಟ್ಟಿನೊಳಗೆ ಇಳಿಬಿಡುವ ಕಾಯಿಲ್ ಬಂತು. ಆದರೆ ಆ ಚಳಿಗಾಲದಲ್ಲಿ ಬೆಳಿಗ್ಗೆ ಆರಕ್ಕೆ ಕರೆಂಟು ಹೋದರೆ ಬರುತ್ತಿದ್ದುದು ಎಂಟಕ್ಕೆ. ಕಾಯಿಲ್ ಸಣ್ಣದು. ಒಂದು ಬಕೆಟ್ ಕಾಯುವುದಕ್ಕೇ ಒಂದು ಗಂಟೆ ಮೀರುತ್ತಿತ್ತು.

ಅತ್ತೆಗೆ ಸಕ್ಕರೆ ಕಾಯಿಲೆಯೂ ಇತ್ತು. ಸ್ನಾನ, ಲಿಂಗಪೂಜೆ ಆಗದೆ ಅವರು ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವರಲ್ಲ. ಆ ವಾರ ಗುರುವಾರ ಸ್ನಾನ ಎಂಟೂವರೆಗೆ ಆಯಿತು. ಪೂಜೆಗೆ ಕೂರಲು ಹೋದವರು ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದರು. ಯಜಮಾನರು ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿದ್ದರು. ಏಳೂವರೆಯೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ತಡ ಮಾಡಿದರೆ ಇನ್ನೊಮ್ಮೆ ಹೀಗೆಯೇ ಆಗುತ್ತದೆ ಎಂದು ಡಾಕ್ಟರು ಖಡಾಖಂಡಿತ ಹೇಳಿದರು.

ಭಾನುವಾರವೂ ಬಕೆಟ್ ಉಗುರುಬೆಚ್ಚಗಾಗುವಷ್ಟರಲ್ಲಿ ಕರೆಂಟು ಹೋಯಿತು. ಅತ್ತೆ ಅದರಲ್ಲೇ ಸ್ನಾನ ಮಾಡಿ, ನಡುಗುತ್ತಾ ಪೂಜೆಗೆ ಕುಳಿತರು.

"ಇವತ್ತ ಗೀಸರ್ ತರೋಣ ನಡೀರಿ," ಎಂದೆ.

ಯಜಮಾನರು ಇದಕ್ಕೇ ಕಾಯುತ್ತಿದ್ದರು. ಕೊಟ್ಟೂರಿನ ತಂಗಿಯ ಮನೆಯಲ್ಲಿ ಅವರು ಇನ್‌ಸ್ಟಂಟ್ ಗೀಸರ್ ನೋಡಿ ಬಂದಿದ್ದರು. "ಹಿಂಗ ಗುಂಡಿ ಒತ್ತಿದ್ರ ಹಂಗ ಬಿಸಿನೀರು ಬರತೈತಿ. ಕಾಯೋದಿಲ್ಲ, ಕೂಡೋದಿಲ್ಲ. ಗ್ವಾಡಿಗೆ ಒಂದು ಡಬ್ಬಿಯಷ್ಟ ಇರತೈತಿ," ಎಂದರು.

"ಕೊಟ್ಟೂರಾಗ ನೀವು ಸ್ನಾನ ಮಾಡಿದ್ದು ಎಷ್ಟೊತ್ತಿಗೆ?"

"ಹತ್ತಕ್ಕ."

"ಹತ್ತಕ್ಕ ಕರೆಂಟು ಎಲ್ಲಾರ ಮನ್ಯಾಗೂ ಇರತೈತಿ."

ಹದಿನೈದು ದಿನ ಕರೆಂಟು ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿದ್ದೆ. ಅದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡೆ. ಪೇಟೆಗೆ ಹೋಗುವಾಗ ನನ್ನ ಕಾಲುಗಳು ಯಜಮಾನರಿಗಿಂತ ಮುಂದೆ ಇದ್ದವು. ಅರವತ್ತು ದಾಟಿದವಳಿಗೆ ನೀರು ಕಾಸುವ ಡಬ್ಬಿ ಕೊಳ್ಳುವುದಕ್ಕೆ ಇಷ್ಟು ಹುಮ್ಮಸ್ಸು ಯಾಕೆ ಎಂದು ಯಾರಾದರೂ ಕೇಳಿದ್ದರೆ, ವರ್ಷಗಟ್ಟಲೆ ಒಲೆಯ ಬೂದಿ ಬಳಿದವಳ ಕೈ ನೋಡಿ ಎನ್ನುತ್ತಿದ್ದೆ.

ಅಂಗಡಿಯವರು ಎರಡು ಬಗೆಯ ಗೀಸರನ್ನೂ ಗೋಡೆಗೆ ಹಾಕಿ, ಅಟ್ಟದ ಮೇಲಿನ ಡ್ರಮ್ಮಿನಿಂದ ನೀರು ಕೊಟ್ಟಿದ್ದರು. ಒಂದು ಮೂರು ಲೀಟರಿನ ಇನ್‌ಸ್ಟಂಟ್, ಇನ್ನೊಂದು ಹದಿನೈದು ಲೀಟರಿನ ಟ್ಯಾಂಕಿನದು.

"ಯಾವ್ದು ಹಚ್ಚಿ ತೋರಿಸ್ಲಿ ಮೇಡಂ?"

"ಎರಡೂ ಹಚ್ರಿ. ಅರ್ಧ ತಾಸು ಆದ ಮ್ಯಾಲ ನಿಮ್ಮ ಅಂಗಡಿ ಮೇನ್ ಸ್ವಿಚ್ ತಗೀರಿ."

"ಮೇನ್ ತಗದ್ರ ಕತ್ತಲ್ಯಾಗ ಏನ್ ನೋಡ್ತೀರಿ?"

"ಮುಂಜಾಲೆ ಆರಕ್ಕ ನಮ್ಮನಿಯಾಗ ಅದನ್ನ ನೋಡೋದು. ತಗೀರಿ."

ಅರ್ಧ ತಾಸಾದ ಮೇಲೆ ಅವರು ನಗುತ್ತಾ ಮೇನ್ ತೆಗೆದರು. ಇನ್‌ಸ್ಟಂಟಿನ ನಲ್ಲಿ ತಿರುಗಿಸಿದೆ. ಕಾಲು ಬಕೆಟ್ ತುಂಬುವ ಮೊದಲೇ ತಣ್ಣಗಾಯಿತು. ಟ್ಯಾಂಕಿನ ನಲ್ಲಿ ತಿರುಗಿಸಿದರೆ ಹಬೆ ಎದ್ದಿತು. ಕೈ ಇಡಲಾಗದಷ್ಟು ಬಿಸಿ. ತಣ್ಣೀರು ಬೆರೆಸಿದರೆ ಎರಡು ಬಕೆಟ್ ದಾಟುತ್ತಿತ್ತು. ಐದಕ್ಕೆ ಸ್ವಿಚ್ ಹಾಕಿ, ಕರೆಂಟು ಹೋಗುವ ಮೊದಲೇ ಕಾಸಿಟ್ಟುಕೊಂಡರೆ ಆರಕ್ಕೆ ಅತ್ತೆಯ ಸ್ನಾನ. ನಾನು ಬಕೆಟ್ಟಿನಲ್ಲಿ ಎರಡೂ ಕೈ ಅದ್ದಿ ನಿಂತುಬಿಟ್ಟೆ.

"ಆತು ಬಿಡು, ನಿನ್ನ ಹಾಸ್ಟೆಲ್ ಲೆಕ್ಕ ಗೆದ್ತು," ಎಂದರು ಯಜಮಾನರು.

ಟ್ಯಾಂಕಿನದನ್ನೇ ಕೊಂಡು ತಂದೆವು. ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದ. ಗೋಡೆ ಕೊರೆದು, ದಪ್ಪ ವೈರು ಎಳೆದು, ಮಾಳಿಗೆಯ ಮೇಲಿನ ನೀರಿನ ಟಾಕಿಯಿಂದ ಪೈಪು ಕೊಟ್ಟು ನಾಲ್ಕು ಗಂಟೆಗೆ ಸ್ವಿಚ್ ಹಾಕಿದ. ಕೆಂಪು ದೀಪ ಹೊತ್ತಿತು. ಅದು ಆರುವವರೆಗೆ ನಾನು ಅದರಿಂದ ಕಣ್ಣು ಕೀಳಲಿಲ್ಲ. ಆಗ ಅತ್ತೆ ಕೋಲೂರಿಕೊಂಡು ಬಂದು ತಲೆ ಎತ್ತಿ ನೋಡಿದರು.

"ಇದರ ಬಾಯಿ ಎಲ್ಲೈತಿ?"

"ಬಾಯಿಲ್ರಿ ಅತ್ತಿ. ಈ ಪೈಪಿನಾಗ ತಣ್ಣೀರು ಒಳಗ ಹೋಗತೈತಿ, ಈ ಪೈಪಿನಾಗ ಬಿಸಿನೀರು ಹೊರಗ ಬರತೈತಿ."

"ಎಲ್ಲಾರ ಸ್ನಾನ ಆದ ಮ್ಯಾಲ ಉಳದದ್ದು?"

"ಒಳಗ ಇರತೈತಿ."

"ಮರುದಿನ?"

"ಮತ್ತ ಕಾಸೋದು."

"ನಿನ್ನಿ ಕಾಸಿದ ನೀರು ಮೈಮ್ಯಾಲ ಹಾಕ್ಕೊಂಡು ಲಿಂಗ ಹಿಡೀಲೇನು? ನನಗ ತಣ್ಣೀರ ಸಾಕು," ಎಂದು ಅತ್ತೆ ತಿರುಗಿದರು.

ನಮ್ಮ ಮನೆಯಲ್ಲಿ ಒಮ್ಮೆ ಬೆಂಕಿ ಕಂಡ ನೀರು ಅಡುಗೆಯಿದ್ದ ಹಾಗೆ. ಅದು ಅದೇ ದಿನ ಮುಗಿಯಬೇಕು. ಟಾಕಿಯಲ್ಲಿ ನಿಂತ ತಣ್ಣೀರಿಗೆ ದೋಷವಿಲ್ಲ, ಕಾಸಿ ಆರಿದ ನೀರನ್ನು ಮಾತ್ರ ಮರುದಿನದ ಸ್ನಾನಕ್ಕೆ ಮತ್ತೆ ಕಾಸುವಂತಿಲ್ಲ. ಅದಕ್ಕೇ ಹಂಡೆಯನ್ನು ದಿನವೂ ಖಾಲಿ ಮಾಡಿ ಬೋರಲು ಹಾಕುತ್ತಿದ್ದೆವು. ನಾನು ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ಇದನ್ನು ಕಲಿಸಿದ್ದರು. ಮನೆಯಲ್ಲಿದ್ದಾಗಲೆಲ್ಲ ನನ್ನ ಕೈಯಿಂದಲೇ ಮಾಡಿದ ಕೆಲಸ. ಕರೆಂಟಿನ ಹೊತ್ತನ್ನೆಲ್ಲ ಬರೆದುಕೊಂಡವಳು ಇದರ ಬಗ್ಗೆ ಒಂದು ಸಾಲು ಬರೆದಿರಲಿಲ್ಲ. ಬೋರಲು ಹಾಕಲು ಬಾರದ ಹಂಡೆಯನ್ನು ಗೋಡೆಗೆ ಜಡಿಸಿದ್ದೆ. ಡಿಸೆಂಬರಿನಲ್ಲಿ ಆ ಕೆಮ್ಮಿಟ್ಟುಕೊಂಡು ಅತ್ತೆ ತಣ್ಣೀರು ಹಾಕಿಕೊಂಡರೆ ಗತಿಯೇನು? ಹಾಕಿಕೊಳ್ಳುತ್ತಾರೆ, ಅದರಲ್ಲಿ ನನಗೆ ಅನುಮಾನ ಇರಲಿಲ್ಲ.

"ಅದಕ್ಕ ನಾ ಬಡಕೊಂಡೆ. ಸಣ್ಣದರಾಗ ಏನೂ ಉಳಿಯಂಗಿಲ್ಲ," ಎಂದರು ಯಜಮಾನರು.

"ಮೂರು ಲೀಟರ್ ಉಳಿತೈತ್ರಿ," ಎಂದ ಎಲೆಕ್ಟ್ರಿಷಿಯನ್.

ಅವನು ಸ್ಪ್ಯಾನರು ಕೈಗೆತ್ತಿಕೊಂಡ.

"ಬಿಚ್ಚಿ ವಾಪಸ್ ಕೊಡೋದಾ ಮೇಡಂ? ಇಲ್ಲಾ, ದಿನಾ ಕೆಳಗಿನ ನಟ್ಟು ಬಿಚ್ಚಿ ಖಾಲಿ ಮಾಡಬೇಕು. ದಿನಾ ನನ್ನ ಕರೀತೀರೇನು?"

"ತಡಿ. ತಣ್ಣೀರು ಒಳಗ ಬಂದಷ್ಟ ಬಿಸಿನೀರು ಹೊರಗ ಹೋಗೋದು, ಹೌದಲ್ಲೋ?"

"ಹೌದ್ರಿ. ತಣ್ಣೀರು ತಳದಾಗ ಕುಂದ್ರತೈತಿ, ಬಿಸೀದನ್ನ ಮ್ಯಾಲಿಂದ ದಬ್ಬತೈತಿ."

ಅಷ್ಟು ಸಾಕಾಯಿತು. ಹಾಸ್ಟೆಲಿನ ಊಟದ ಮನೆ ಕಣ್ಣ ಮುಂದೆ ಬಂತು. ಒಂದು ಬಾಗಿಲಿನಿಂದ ಹೊಸ ಸಾಲು ಒಳಗೆ ಬಂದ ಹಾಗೆ ಉಂಡ ಸಾಲು ಇನ್ನೊಂದು ಬಾಗಿಲಿನಿಂದ ಹೊರಗೆ. ಟ್ಯಾಂಕು ಎಂದೂ ಬರಿದಾಗುವುದಿಲ್ಲ ನಿಜ. ಆದರೆ ಕಾಸಿದ ನೀರೆಲ್ಲ ಹೊರಗೆ ಹೋಗಿ, ಬೆಂಕಿ ಕಾಣದ ನೀರು ಮಾತ್ರ ಒಳಗೆ ಉಳಿಯಬಹುದಲ್ಲ.

ಸ್ವಿಚ್ ಆರಿಸಿದೆ. "ಅತ್ತಿ, ಸ್ವಲ್ಪ ಇಲ್ಲಿ ಬರ್ರಿ. ನಿಮ್ಮ ಕೈಯಿಂದ ನೋಡ್ರಿ," ಎಂದೆ.

ಅವರು ಮಣೆಯ ಮೇಲೆ ಕುಳಿತರು. ನಲ್ಲಿ ತಿರುಗಿಸಿದೆ. ಮೊದಲ ಬಕೆಟ್ ಕುದಿಯುವ ಹಾಗಿತ್ತು. ಎರಡನೆಯದು ತುಂಬುತ್ತಾ ಬೆಚ್ಚಗಾಯಿತು, ಮೂರನೆಯದರಲ್ಲಿ ತಣ್ಣಗಾಯಿತು. ಅತ್ತೆ ಧಾರೆಯ ಕೆಳಗೆ ಕೈ ಹಿಡಿದೇ ಇದ್ದರು.

"ಒಳಗ ಒಂದು ಚರಿಗಿ ಉಳಕೊಂಡಿದ್ರ?"

"ಇನ್ನೊಂದು ಕೊಡ ಬಿಡೋಣ್ರಿ."

"ಎರಡು ಬಿಡು."

ಎರಡು ಬಿಟ್ಟೆ. ಅವರು ಒದ್ದೆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. "ಹಸಿ ನೀರು," ಎಂದರು. ನನಗೆ ಉಸಿರು ಬಂತು.

"ದಿನಾ ಹಿಂಗ ಮಾಡ್ತೀಯೇನು?"

"ಸ್ನಾನ ಆದ ಮ್ಯಾಲ ಪಾತ್ರಿ ತೊಳೆಯಾಕ, ಬಟ್ಟಿ ನೆನಿ ಹಾಕಾಕ ಬಿಸಿನೀರು ಬೇಕಲ್ರಿ. ಒಂದು ಹನಿ ದಂಡ ಆಗಂಗಿಲ್ಲ."

"ಮರತ್ರ?"

"ಮರತ ದಿನ ನಾನು ತಣ್ಣೀರು ಹಾಕ್ಕೋತೀನಿ."

"ನೀ ಯಾಕ? ಇವನ ಹಾಕ್ಕೊಳ್ಳಲಿ," ಎಂದು ಮಗನತ್ತ ಕೋಲು ತೋರಿಸಿದರು. "ಗುಂಡಿ ಒತ್ತಿದ್ರ ಬರತೈತಿ ಅಂತ ಕುಣೀತಿದ್ದ." ಎಲೆಕ್ಟ್ರಿಷಿಯನ್ ತನ್ನ ಸಾಮಾನು ಚೀಲಕ್ಕೆ ತುಂಬುತ್ತಾ ಮುಖ ತಿರುಗಿಸಿ ನಕ್ಕ.

ಅತ್ತೆ ಕೋಲೂರಿ ಎದ್ದರು. "ನಾಳಿ ಆರಕ್ಕ ನೀರು ಕೊಡು. ಏಳಕ್ಕ ಉಣ್ತೀನಿ," ಎಂದು ಒಳಗೆ ಹೋದರು.

ಸ್ವಿಚ್ ಹಾಕುವುದು ಐದಕ್ಕೆ, ಆರಿಸುವುದು ಐದೂ ಮುಕ್ಕಾಲಿಗೆ, ಅತ್ತೆಯ ಸ್ನಾನ ಆರಕ್ಕೆ, ಪೂಜೆ ಆರೂ ಕಾಲಿಗೆ, ಊಟ ಏಳಕ್ಕೆ, ಟ್ಯಾಂಕಿನ ಬಿಸಿನೀರು ತೆಗೆಯುವುದು ಎಂಟಕ್ಕೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದೆ. ಎರಡು ಕೊಡ ತಣ್ಣೀರನ್ನು ಯಜಮಾನರು ಕರಿಬೇವಿನ ಗಿಡಕ್ಕೆ ಹಾಕಿ ಬಂದರು. ಕುದಿಯುವ ಹಾಗಿದ್ದ ಬಕೆಟ್ಟಿನಲ್ಲಿ ಮಧ್ಯಾಹ್ನದ ಎಣ್ಣೆ ಪಾತ್ರೆಗಳನ್ನು ಅದ್ದಿ ಉಜ್ಜಿದೆ. ಜಿಡ್ಡು ಒಂದೇ ಸಲಕ್ಕೆ ಬಿಟ್ಟಿತು. ಕೊನೆಯ ಬಾಣಲೆಯನ್ನು ತೊಳೆದು ಕಟ್ಟೆಯ ಮೇಲೆ ಇಟ್ಟಾಗ ಸಂಜೆ ಆರು ಗಂಟೆ ಹತ್ತು ನಿಮಿಷ.