ಅಮಾವಾಸ್ಯೆಗೆ ಮುಚ್ಚಿದ ಗ್ಯಾರೇಜು

ರಾಯಾಪುರದ ನಮ್ಮ ಪುಟ್ಟ ಕಚೇರಿಯಲ್ಲಿ ನಾವು ಮೂವರು. ಸುತ್ತಲಿನ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಕೆಲಸ. ನಾನು ಸೇರಿದಾಗ, ಒಂದು ಸೈಟಿನ ಕೋಡನ್ನು ಇನ್ನೊಂದಕ್ಕೆ ನಕಲು ಮಾಡಿ ಮೇಲೆ ಬಣ್ಣ ಬದಲಿಸುವ ಪದ್ಧತಿಯಿತ್ತು. ಒಂದರಲ್ಲಿ ತಪ್ಪು ತಿದ್ದಿದರೆ ಉಳಿದವುಗಳಲ್ಲಿ ಅದು ಹಾಗೇ ಉಳಿಯುತ್ತಿತ್ತು. ಎಲ್ಲರಿಗೂ ಬೇಕಾಗುವ ಕೋಡಿನ ತುಣುಕುಗಳನ್ನು ಒಂದೇ ಕಡೆ ಇಟ್ಟು, ಎಲ್ಲ ಸೈಟುಗಳೂ ಅಲ್ಲಿಂದಲೇ ಬಳಸುವಂಥ ಲೈಬ್ರರಿ ಮಾಡೋಣವೆಂದು ನಾನು ಹಟ ಹಿಡಿದೆ. ಕಚೇರಿ ನಡೆಸುವ ಸರ್ ಅರೆಮನಸ್ಸಿನಿಂದ ಒಪ್ಪಿ, ಅದಕ್ಕೆ ‘ಕಪಾಟು’ ಎಂದು ಹೆಸರಿಟ್ಟರು.

ಫೋನ್ ನಂಬರ್ ಪರೀಕ್ಷಿಸುವ ತುಣುಕು, ರಸೀದಿಯ ತುಣುಕು, ದಿನ ಆರಿಸುವ ಕ್ಯಾಲೆಂಡರ್ ಒಂದೊಂದಾಗಿ ಕಪಾಟು ಸೇರಿದವು. ಕ್ಯಾಲೆಂಡರ್ ಮೊದಲು ಹತ್ತಿ ವ್ಯಾಪಾರಿಯೊಬ್ಬರಿಗಾಗಿ ಮಾಡಿದ್ದು. ಅದನ್ನೇ ಒಂದು ಗ್ಯಾರೇಜಿಗೂ ಧಾರವಾಡದ ಹಲ್ಲಿನ ದವಾಖಾನೆಗೂ ಹಾಕಿದೆವು.

ಒಂದು ಮುಂಜಾನೆ ಗ್ಯಾರೇಜಿನ ಚಾಚಾ ಫೋನ್ ಮಾಡಿದರು.

“ಮೇಡಮ್ಮಾರ, ನನ್ನ ಗ್ಯಾರೇಜಿಗೆ ನೀವ ಸೂಟಿ ಕೊಟ್ಟೀರೇನ್ರಿ? ಅಮಾಸಿ ದಿನ ಒಂದೂ ಬುಕಿಂಗ್ ಬರವಲ್ದು.”

“ಅಮಾಸಿಗೆ ತೆರದಿರ್ತೀರೇನ್ರಿ ಚಾಚಾ?”

“ಏನ್ ಕೇಳ್ತೀರವಾ! ಗಾಡಿ ತೊಳಿಸಿ ಪೂಜಿ ಮಾಡೋರು ಮುಂಜಾನಿಂದ ಪಾಳಿ ಹಚ್ಚಿರ್ತಾರ. ಇನ್ನೊಂದ್ ಅಮಾಸಿ ನೋಡ್ತೇನಿ. ಹಿಂಗ ಆದ್ರ ನಿಮ್ಮ ಸೈಟಿಗೆ ಸಲಾಂ.”

ಹುಡುಕಿದೆ. ಕ್ಯಾಲೆಂಡರಿನೊಳಗೆ ಒಂದು ಸಾಲಿತ್ತು: ಅಮಾವಾಸ್ಯೆಯಾದರೆ ಬಂದ್. ಅಂದು ವ್ಯವಹಾರವಿಲ್ಲ ಎಂದು ಹತ್ತಿ ವ್ಯಾಪಾರಿ ಬರೆಸಿದ್ದು. ಅಚ್ಚರಿಯೆಂದರೆ, ಮೂವರೂ ಪರೀಕ್ಷಿಸಿದ್ದರೂ ಯಾರಿಗೂ ಅದು ವಿಚಿತ್ರ ಅನಿಸಿರಲಿಲ್ಲ. ಅಮಾವಾಸ್ಯೆಗೆ ಹೊಸದನ್ನು ಶುರುಮಾಡದ ಮನೆಗಳಲ್ಲೇ ಬೆಳೆದವರು ನಾವು. ಅದೇ ದಿನ ನಮ್ಮ ಮನೆಯ ಸ್ಕೂಟರಿಗೆ ನಿಂಬೆಹಣ್ಣು ಕಟ್ಟುವುದನ್ನೂ ನೋಡಿದ್ದೆ. ಎರಡನ್ನೂ ಕೂಡಿಸಿ ಯೋಚಿಸಿರಲಿಲ್ಲ.

“ಒಬ್ಬರ ಅಂಗಿ ಇನ್ನೊಬ್ಬರಿಗೆ ತೊಡಿಸಿದ್ರ ಹಿಂಗ ಆಗತೈತಿ,” ಎಂದರು ಸರ್. “ಕಪಾಟು ಖಾಲಿ ಮಾಡು. ಯಾರ ಅಂಗಿ ಅವರ ಮನ್ಯಾಗ ಇರ್ಲಿ.”

“ಮುಂದಿನ ಅಮಾಸಿತನಕ ಬಿಡ್ರಿ ಸರ್.”

“ಅಮಾಸಿಗೆ ಏನೂ ಸುರು ಮಾಡಬಾರದು.”

“ಮುಗಸಾಕ ಅಡ್ಡಿ ಇಲ್ಲಲ್ರಿ,” ಎಂದು ಪಕ್ಕದ ಮೇಜಿನ ಗೆಳತಿ ನಕ್ಕಳು.

ಪ್ರತಿ ತುಣುಕನ್ನೂ ಬಿಚ್ಚಿ, ಇದು ನಿಜವಾಗಿ ಎಲ್ಲರದೋ ಅಥವಾ ಯಾರೋ ಒಬ್ಬರದೋ ಎಂದು ನೋಡತೊಡಗಿದೆ. ಫೋನ್ ನಂಬರಿನದು ಎಲ್ಲರದು. ರಸೀದಿಯ ಮೂಲೆಯಲ್ಲಿ ಅದೇ ಹತ್ತಿ ವ್ಯಾಪಾರಿಯ ‘ಶುಭ ಲಾಭ’ ಕೂತಿತ್ತು. ಹಲ್ಲು ಕೀಳಿಸಿಕೊಂಡವರಿಗೂ ಅದನ್ನೇ ಮುದ್ರಿಸಿ ಕೊಡುತ್ತಿದ್ದೆವು. ಅಮಾವಾಸ್ಯೆಯ ಬಗ್ಗೆ ದವಾಖಾನೆಗೆ ಫೋನ್ ಮಾಡಿದೆ. “ಆವತ್ತ ಯಾರೂ ಬರೂದಿಲ್ರಿ,” ಎಂದರು ಅಲ್ಲಿನ ನರ್ಸ್. “ಬರೂದಿಲ್ಲೋ, ಸೈಟ್ ಬಿಡೂದಿಲ್ಲೋ ಅದೂ ಗೊತ್ತಿಲ್ರಿ. ತೆರದ ನೋಡ್ರಿ.”

ಅಮಾವಾಸ್ಯೆಯ ಸಾಲನ್ನೂ ‘ಶುಭ ಲಾಭ’ವನ್ನೂ ಹತ್ತಿ ವ್ಯಾಪಾರಿಯ ಸೈಟಿಗೆ ಮರಳಿಸಿದೆ. ಮುಚ್ಚುವ ದಿನ ಯಾವುದೆಂದು ಇನ್ನು ಆಯಾ ಸೈಟೇ ಕಪಾಟಿಗೆ ಹೇಳಬೇಕು.

ಅಮಾವಾಸ್ಯೆಯ ಮುಂಜಾನೆ ಗ್ಯಾರೇಜಿನ ಬುಕಿಂಗ್ ತೆರೆದೆ. ಜಾಗ ಖಾಲಿ ಇರಲಿಲ್ಲ. ಎಲ್ಲಕ್ಕಿಂತ ಮೇಲಿದ್ದ ಗಾಡಿ ನಂಬರು ನಮ್ಮ ಸರ್ ಅವರದು.

ಅವರು ತೊಳೆಸಿದ ಬೈಕು ನಿಲ್ಲಿಸಿ ಒಳಗೆ ಬಂದಾಗ ಫೋನಿನಲ್ಲಿದ್ದರು. ಆ ಕಡೆ ದುರ್ಗದಬೈಲಿನ ಹೊಸ ಗಿರಾಕಿ.

“ಕ್ಯಾಲೆಂಡರ್ ಕಪಾಟಿನ್ಯಾಗ ತಯಾರ್ ಐತ್ರಿ, ಲಗೂನ ಹಾಕಿ ಕೊಡ್ತೇವಿ. ಮೊದಲ ಒಂದ್ ಹೇಳ್ರಿ, ಅಮಾಸಿಗೆ ನಿಮ್ಮದು ಚಾಲೂನೋ, ಬಂದೋ?”