ಪಾದ ಕೊಡದ ಬಸವ

ಪರಮೇಶ ತೀರಿಕೊಂಡು ನಾಳೆಗೆ ನಲವತ್ತು ದಿನ. ಹೊಳೆನರಸೀಪುರ ಬಸ್‌ಸ್ಟ್ಯಾಂಡಿನ ಹಿಂದಿರುವ ಅವನ ಮೋಟಾರು ವೈಂಡಿಂಗ್ ಅಂಗಡಿಗೆ ಇನ್ನೂ ಬೀಗ ಹಾಕಿದೆ. ಬಿಚ್ಚಿದ ಪಂಪುಗಳು ನಾಲ್ಕೈದು ಒಳಗೇ ಇವೆ. ಅವುಗಳ ರೈತರು ಬರುತ್ತಾರೆ, ಪಕ್ಕದ ಟೀ ಅಂಗಡಿಯಲ್ಲಿ ವಿಷಯ ತಿಳಿದುಕೊಂಡು ತಮ್ಮ ಪಂಪಿನ ಮಾತೆತ್ತದೆ ಹೋಗುತ್ತಾರೆ. ಇದನ್ನು ಬರೆಯಲು ನಾನು ಮೂರು ಸಲ ಕೂತು ಎದ್ದಿದ್ದೇನೆ. ಅವನ ಬದುಕಿನಲ್ಲಿ ಹೇಳಿಕೊಳ್ಳುವಂಥ ಗೆಲುವು ಒಂದೂ ಇರಲಿಲ್ಲ. ಆದರೂ ಅವನನ್ನು ನೆನೆದರೆ ನನಗೆ ದುಃಖಕ್ಕಿಂತ ಮೊದಲು ಬೆರಗು ಬರುತ್ತದೆ.

ನಾವಿಬ್ಬರೂ ಮಲ್ಲಿಪಟ್ಟಣದವರು, ಹೈಸ್ಕೂಲಿನವರೆಗೆ ಒಂದೇ ಬೆಂಚು. ನಾನು ಓದಿ ಹೊಳೆನರಸೀಪುರದ ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರಾದೆ. ಅವನು ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡು ಸಲ ಫೇಲಾಗಿ, ಹಾಸನದ ವರ್ಕ್‌ಶಾಪೊಂದರಲ್ಲಿ ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವುದನ್ನು ಕಲಿತ. ಅರಕಲಗೂಡಿನಲ್ಲಿ ಹಾಕಿದ ಮೊದಲ ಅಂಗಡಿ ಎರಡು ವರ್ಷವೂ ನಡೆಯಲಿಲ್ಲ. ನಂತರ ಇಲ್ಲಿಗೆ ಬಂದ. ದಿನವೆಲ್ಲ ಸುತ್ತು ಎಣಿಸುತ್ತ ಕೂರುತ್ತಿದ್ದ ಅವನನ್ನು, "ಗಣಿತದಲ್ಲಿ ಫೇಲಾದವನಿಗೆ ದೇವರು ಎಣಿಸೋ ಕೆಲಸಾನೇ ಕೊಟ್ಟ ನೋಡು" ಎಂದು ನಾನು ಛೇಡಿಸುತ್ತಿದ್ದೆ. ಅವನು ಎಣಿಕೆ ತಪ್ಪಬಾರದೆಂದು ಬಾಯಿ ಬಿಡದೆ ಕಾಲಿನಿಂದ ಒದೆಯುತ್ತಿದ್ದ.

2017ರಲ್ಲಿ ಅವನ ಕಾಲು ಊದಿಕೊಂಡಿತು. ದಿನವಿಡೀ ಕಾಲು ಇಳಿಬಿಟ್ಟು ಕೂತು ಕೆಲಸ ಮಾಡುವುದರಿಂದ ಎಂದುಕೊಂಡ. ಆಮೇಲೆ ಮುಖವೂ ಊದಿತು. ಎರಡೂ ಕಿಡ್ನಿ ಹೋಗಿವೆ ಎಂದು ಹಾಸನದ ಡಾಕ್ಟರು ಹೇಳಿದಾಗ ಅವನಿಗೆ ನಲವತ್ತೆರಡು, ಮಗಳು ನಿಸರ್ಗ ನಾಲ್ಕನೇ ಕ್ಲಾಸು. ಹೆಂಡತಿ ನಾಗಲಕ್ಷ್ಮಿ ತನ್ನದೊಂದು ಕಿಡ್ನಿ ಕೊಡುತ್ತೇನೆಂದು ಮುಂದೆ ಬಂದಳು. ಪರೀಕ್ಷೆ ಮಾಡಿದರೆ ಅವಳಿಗೇ ಸಕ್ಕರೆ ಕಾಯಿಲೆ ಶುರುವಾಗಿತ್ತು. ತಾಯಿ ಲಕ್ಷ್ಮಿದೇವಮ್ಮನಿಗೆ ವಯಸ್ಸಾಗಿತ್ತು. ಉಳಿದ ದಾರಿ ಒಂದೇ: ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತ, ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿ, ತೀರಿಹೋದ ಯಾರದಾದರೂ ಕಿಡ್ನಿಗಾಗಿ ಕಾಯುವುದು.

ನೋಡಲು ಬಂದವರೆಲ್ಲ ಎಳನೀರು ತಂದರು. ನಮ್ಮ ಕಡೆ ಕಾಯಿಲೆಯವರನ್ನು ಬರಿಗೈಯಲ್ಲಿ ನೋಡುವ ರೂಢಿಯಿಲ್ಲ, ಎಳನೀರಿಗಿಂತ ದೊಡ್ಡ ಔಷಧಿಯೂ ಇಲ್ಲ. ಕಿಡ್ನಿ ಹೋದವನಿಗೆ ಅದು ವಿಷವೆಂದು ಅವರಿಗೆ ಗೊತ್ತಿರಲಿಲ್ಲ. ಮಂಚದ ಕೆಳಗೆ ಹಸಿರು ಕಾಯಿ ರಾಶಿ ಬಿದ್ದಿತ್ತು. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರೂ ಕುಡಿಯುವಂತಿಲ್ಲದ ಅವನು ಅದನ್ನು ನೋಡುತ್ತ ಮಲಗಿರುತ್ತಿದ್ದ.

ಮರುವರ್ಷ ತಾಯಿ ಹಟ ಹಿಡಿದರು, ಬಸಪ್ಪನ ಪಾದ ಕೇಳಬೇಕೆಂದು. ಕೊಣನೂರಿನ ಆಚೆ ಒಂದು ಊರಲ್ಲಿ ದೇವರಿಗೆ ಬಿಟ್ಟ ಬಸವ ಇತ್ತು. ಮನಸ್ಸಿನಲ್ಲಿ ಕೋರಿಕೆ ಇಟ್ಟುಕೊಂಡು, ಮಂಡಿಯೂರಿ, ನೆಲದ ಮೇಲೆ ಟವಲು ಹಾಸಿ ಅದರ ಮೇಲೆ ಎರಡೂ ಅಂಗೈ ಚಾಚಬೇಕು. ಬಸವ ಬಲಗಾಲನ್ನು ಎತ್ತಿ ಅಂಗೈಯ ಮೇಲೆ ಹಗುರಾಗಿ ಇಟ್ಟರೆ ದೇವರು ಭಾಷೆ ಕೊಟ್ಟ ಹಾಗೆ. ಹಿಂದಕ್ಕೆ ಸರಿದರೆ ಆಗುವುದಿಲ್ಲ ಎಂದು. ಇದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಕಾರು ನನ್ನದಾದ್ದರಿಂದ ಹೋದೆ.

ಭಾನುವಾರ ಬೆಳಿಗ್ಗೆ, ಅರವತ್ತು ಎಪ್ಪತ್ತು ಜನರ ಸಾಲು. ಬಸವನನ್ನು ನೋಡಿಕೊಳ್ಳುವ ಬೈರಯ್ಯ ಅದರ ಕಿವಿಯ ಹತ್ತಿರ ಬಾಗಿ, "ಅಪ್ಪಾ, ಮಗ ಬಂದವ್ನೆ, ಪಾದ ಕೊಡು" ಎಂದ. ಬಸವ ಪರಮೇಶನ ಕೈ ಮೂಸಿ ಹಿಂದಕ್ಕೆ ಸರಿಯಿತು. ಎರಡನೇ ಸಲ ಕೇಳಿದ. ಸರಿಯಿತು. ಮೂರನೇ ಸಲವೂ ಹಾಗೇ ಆಯಿತು. ಲಕ್ಷ್ಮಿದೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪರಮೇಶ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ತಲೆ ಬಗ್ಗಿಸಿ ಹಾಗೇ ಇದ್ದ. ಆಗ ಬಸವ ಅವನನ್ನು ಬಳಸಿಕೊಂಡು ಪಕ್ಕಕ್ಕೆ ಬಂತು. ಮುಂಗಾಲು ಮಡಚಿ, ನಿಟ್ಟುಸಿರು ಬಿಟ್ಟು, ಅವನ ಮೈಗೆ ಮೈ ತಾಗಿಸಿ ಮಲಗಿತು.

ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಏಳಲಿಲ್ಲ. ಸಾಲಿನಲ್ಲಿ ಗೊಣಗಾಟ ಶುರುವಾಯಿತು.

"ಬೈರಯ್ಯ, ಎಬ್ಸಪ್ಪ ಅದ್ನ. ನಾವೂ ಬೆಳಿಗ್ಗಿಂದ ನಿಂತಿಲ್ವಾ?" ಎಂದು ಒಬ್ಬ ಕೂಗಿದ.

"ಎಬ್ಸಕ್ಕೆ ನಿಮ್ಮಪ್ಪ ಕಟ್ಟಿರೋ ಎತ್ತೇನ್ಲಾ ಇದು? ಎದ್ದಾಗ ಏಳ್ತದೆ. ಅವಸ್ರ ಇದ್ರೆ ಓಗು!" ಎಂದ ಬೈರಯ್ಯ.

ಸುಮಾರು ಒಂದು ಗಂಟೆ ಬಸವ ಅಲ್ಲೇ ಮೆಲುಕು ಹಾಕುತ್ತ ಮಲಗಿತ್ತು. ಇದಕ್ಕೇನು ಅರ್ಥ ಎಂದು ಲಕ್ಷ್ಮಿದೇವಮ್ಮ ಬೈರಯ್ಯನನ್ನು ಕೇಳಿದರು. ಅವನು ತಲೆ ಕೆರೆದುಕೊಂಡ. "ಇಪ್ಪತ್ತು ವರ್ಸದಿಂದ ಇವನ ಜೊತೆ ಇವ್ನಿ ಕಣವ್ವ. ಇಂಗೆ ಮಾಡಿದ್ದು ನಾ ನೋಡಿಲ್ಲ. ಸುಳ್ಳು ಯಾಕ್ ಹೇಳ್ಲಿ, ನಂಗೊತ್ತಿಲ್ಲ."

ವಾಪಸ್ಸು ಬರುವಾಗ ಕಾರಿನಲ್ಲಿ ಸಮಾಧಾನ ಮಾಡೋಣವೆಂದು ನಾನೇ, "ಅದಕ್ಕೆ ಸುಸ್ತಾಗಿತ್ತು ಕಣೋ, ಬೆಳಿಗ್ಗೆಯಿಂದ ನಿಂತಿತ್ತಲ್ಲ" ಎಂದೆ.

"ಅಂಗೇ ಇರ್ಲಿ ಕಣ್ಲಾ ಮೋಹ್ನ. ಅಷ್ಟೊಂದು ಜಾಗ ಇತ್ತಲ್ಲ, ನನ್ ಪಕ್ಕಕ್ಕೇ ಯಾಕ್ ಬಂತು?" ಎಂದ. ಸ್ವಲ್ಪ ದೂರ ಹೋದ ಮೇಲೆ, ತನಗೇ ಹೇಳಿಕೊಳ್ಳುವವನಂತೆ, "ಬಸಪ್ಪ ಕೊಡ್ತೀನಿ ಅನ್ನಲಿಲ್ಲ. ಇರ್ತೀನಿ ಅಂದ" ಎಂದ.

ಈ ಮಾತನ್ನು ಅವನು ಸಲೀಸಾಗಿ ನಂಬಿಕೊಂಡು ಬದುಕಿಬಿಟ್ಟ ಎಂದು ಬರೆದರೆ ಸುಳ್ಳಾಗುತ್ತದೆ. 2019ರಲ್ಲಿ ಬೆಂಗಳೂರಿನ ಆಸ್ಪತ್ರೆಯಿಂದ ಮೊದಲ ಕರೆ ಬಂತು. ಹೊಂದುವ ಕಿಡ್ನಿ ಸಿಕ್ಕಾಗ ನಾಲ್ಕೈದು ಜನರನ್ನು ಒಟ್ಟಿಗೆ ಕರೆಯುತ್ತಾರೆ, ರಕ್ತ ಪರೀಕ್ಷೆ ಮಾಡಿ ಒಬ್ಬರನ್ನು ಉಳಿಸಿಕೊಳ್ಳುತ್ತಾರೆ. ಆ ಒಬ್ಬ ಇವನಾಗಿರಲಿಲ್ಲ. ಊರಿಗೆ ಬಂದವನು ಎಂಟು ದಿನ ಅಂಗಡಿ ತೆರೆಯಲಿಲ್ಲ. ನಾನು ಹೋದಾಗ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಪಕ್ಕದಲ್ಲವ್ನೆ ಅಂದ್ಕಂಡಿದ್ದೆ. ಕೈ ಚಾಚಿದ್ರೆ ಗ್ವಾಡೆ ಸಿಕ್ತದೆ ಕಣ್ಲಾ" ಎಂದ.

  ಅವನ ಕಾಲಿನ ಮೇಲೆ ರಗ್ಗು ಹೊದಿಸಿ ಎದ್ದು ಬಂದೆ.

ಡಯಾಲಿಸಿಸ್ ಮಾತ್ರ ಬಿಡುವ ಹಾಗಿರಲಿಲ್ಲ, ಹೋಗಲೇಬೇಕು. ಆ ವಾರ ಡಯಾಲಿಸಿಸ್‌ಗೆಂದು ಇಲ್ಲಿನ ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಒಬ್ಬ ಅಜ್ಜಿ ಬಂದಿದ್ದರಂತೆ. ತಮ್ಮ ರಕ್ತ ನಳಿಗೆಯಲ್ಲಿ ಹೊರಗೆ ಹರಿಯುವುದನ್ನು ಕಂಡು, ಬಿಚ್ಚಿ ಬಿಚ್ಚಿ ಎಂದು ಕಿರುಚಿಕೊಂಡರಂತೆ. ತನ್ನದು ಮುಗಿಸಿ ಹೊರಟಿದ್ದ ಪರಮೇಶ ಒಂದು ಸ್ಟೂಲು ಎಳೆದುಕೊಂಡು ಅವರ ಪಕ್ಕ ಕೂತ. ಪೂರ್ತಿ ನಾಲ್ಕು ಗಂಟೆ ಕೂತ. ಏನು ಹೇಳಿದೆ ಎಂದು ಕೇಳಿದ್ದಕ್ಕೆ, "ಏನ್ ಹೇಳಾದು? ರಾಗಿ ಎಷ್ಟು ಮೂಟೆ ಆಯ್ತು ಅಂತ ಕೇಳ್ದೆ" ಎಂದ. ಮಾರನೆಯ ದಿನ ಅಂಗಡಿ ತೆರೆದ.

ಅಲ್ಲಿಂದ ಅದೇ ಅವನ ರೂಢಿಯಾಯಿತು. ತನ್ನ ಸರದಿಗಿಂತ ಒಂದು ಗಂಟೆ ಮೊದಲೇ ಆಸ್ಪತ್ರೆಗೆ ಹೋಗಿ, ಹೊಸಬರ ಪಕ್ಕ ಕೂರುವುದು. ಭರವಸೆಯ ಮಾತು ಹೇಳುತ್ತಿರಲಿಲ್ಲ, ದೇವರ ಮಾತನ್ನೂ ಎತ್ತುತ್ತಿರಲಿಲ್ಲ. ನರ್ಸ್ ರಂಜಿನಿ, "ಪರಮೇಶಣ್ಣ, ನಿಮಗೊಂದು ಯೂನಿಫಾರಂ ಹೊಲಿಸ್ತೀನಿ" ಎಂದು ನಗಾಡುತ್ತಿದ್ದಳು.

2022ರಲ್ಲಿ ಎರಡನೇ ಕರೆ. ಈ ಸಲ ನಾನೂ ಹೋದೆ. ಬೆಂಚಿನ ಮೇಲೆ ನಾಲ್ಕು ಜನ ಕಾಯುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಒಬ್ಬ ಹುಡುಗಿಯನ್ನು ಒಳಗೆ ಕರೆದರು, ಚನ್ನರಾಯಪಟ್ಟಣದ ದೀಪಶ್ರೀ, ಇಪ್ಪತ್ತೆರಡು ವರ್ಷ. ಮಿಕ್ಕವರು ಮನೆಗೆ ಹೋಗಬಹುದು ಎಂದರು. ನಾನು ಅವನ ಚೀಲ ಎತ್ತಿಕೊಂಡು, "ನಡಿಯೋ ಹೋಗೋಣ" ಎಂದೆ. ಅವನು ಕಾರಿಡಾರಿನ ಕೊನೆಯಲ್ಲಿ ನಿಂತಿದ್ದ ಹುಡುಗಿಯ ತಾಯಿಯನ್ನೇ ನೋಡುತ್ತಿದ್ದ.

"ಆಯಮ್ಮ ಒಬ್ಳೇ ಅವ್ಳೆ ಕಣ್ಲಾ."

ಸಂಜೆ ಆರರವರೆಗೆ ಅವನು ಆ ತಾಯಿ ಜಯಲಕ್ಷ್ಮಮ್ಮನ ಪಕ್ಕ ಕೂತಿದ್ದ. ಆಕೆ ಗಾಬರಿಯಲ್ಲಿ ಬೆಂಚಿನ ಮೇಲಿದ್ದವರ ಮುಖ ಗಮನಿಸಿರಲಿಲ್ಲ. ಮಧ್ಯಾಹ್ನ ಒಮ್ಮೆ, "ಒಳಗೆ ನಿಮ್ಮೋರು ಯಾರಪ್ಪ ಇರಾದು?" ಎಂದು ಕೇಳಿದರು.

"ಯಾರೂ ಇಲ್ಲ ಕಣಕ್ಕ. ಇಲ್ಲೇನೋ ಕೆಲ್ಸ ಇತ್ತು, ಬಂದಿದ್ದೆ" ಎಂದ.

ಆಪರೇಷನ್ ಚೆನ್ನಾಗಿ ಆಯಿತು ಎಂದು ಡಾಕ್ಟರು ಹೊರಗೆ ಬಂದು ಹೇಳಿದಾಗ ಆಕೆ ಅವನ ಕೈ ಹಿಡಿದುಕೊಂಡು ಅತ್ತರು. ಅವನೂ ಅತ್ತ. ಯಾವುದಕ್ಕೆ ಅತ್ತನೋ ನಾನು ಕೇಳಲಿಲ್ಲ. ಕಾರು ಹತ್ತಿದ ಮೇಲೆ, "ಕಿಡ್ನಿಯಂತೂ ಆಗ್ಲಿಲ್ಲ, ಎರಡು ಇಡ್ಲಿನಾದ್ರೂ ಕೊಡ್ಸಲಾ ಜುಗ್ಗ" ಎಂದ.

ಮೂರನೆಯ ಕರೆ ಬರಲಿಲ್ಲ. ಮುಂದಿನ ಎರಡು ವರ್ಷಗಳಲ್ಲಿ ಡಯಾಲಿಸಿಸ್‌ನ ಸೂಜಿ ಚುಚ್ಚುವ ಅವನ ಕೈಯ ರಕ್ತನಾಳಗಳು ಒಂದೊಂದಾಗಿ ಸೋತವು, ಎದೆಯೂ ಸೋತಿತು. ಪಟ್ಟಿಯಿಂದ ಹೆಸರು ತೆಗೆಯಬೇಕಾಗುತ್ತದೆ, ಇನ್ನು ಆಪರೇಷನ್ ತಡೆಯುವ ಶಕ್ತಿ ಇಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ತಡೆಯಲಾರದೆ ಕೇಳಿಬಿಟ್ಟೆ: "ಏಳು ವರ್ಷ ಕಾಯಿಸಿ ಕೈ ಬಿಟ್ಟನಲ್ಲೋ ನಿನ್ನ ದೇವರು. ಮೋಸ ಅನ್ನಿಸಲ್ವಾ?"

 ಆ ಪ್ರಶ್ನೆ ಅವನೊಳಗೂ ಇತ್ತೆಂದು ಅವನ ಮಾತಿನಿಂದ ತಿಳಿಯಿತು.

"ಕೊಡ್ತೀನಿ ಅಂದಿದ್ರೆ ಮೋಸ. ಅವನು ಅಂಗೆ ಅಂದೇ ಇಲ್ವಲ್ಲ. ಆಸೆ ನಂದು ಕಣ್ಲಾ, ಅದು ಸತ್ತಿಲ್ಲ. ಈಗ್ಲೂ ಫೋನ್ ಬಂದ್ರೆ ಎದ್ದು ಓಡ್ತೀನಿ." ಉಸಿರು ಎಳೆದುಕೊಂಡು ಮತ್ತೆ ಹೇಳಿದ: "ಆದ್ರೆ ಒಬ್ನೇ ಇದ್ದೆ ಅಂತ ಮಾತ್ರ ನಾ ಹೇಳಕಾಗಕಿಲ್ಲ. ಗ್ವಾಡೆ ಸಿಕ್ತದೆ ಅಂದಿದ್ನಲ್ಲ ನಾನು, ಆವತ್ತೂ ಒಬ್ನೇ ಇರ್ಲಿಲ್ಲ."

ಕೊನೆಯ ದಿನ ಮಂಗಳವಾರ. ನಾಗಲಕ್ಷ್ಮಿ ಮಗಳನ್ನು ಕಾಲೇಜಿಗೆ ಸೇರಿಸಲು ಹಾಸನಕ್ಕೆ ಹೋಗಿದ್ದಳು. ನಾನೇ ಅವನನ್ನು ಆಸ್ಪತ್ರೆಗೆ ಕರೆದೊಯ್ದು ಮಲಗಿಸಿದೆ. ಮುಖ ಬೂದಿಯ ಬಣ್ಣಕ್ಕಿತ್ತು. ನಾನು ಸ್ಟೂಲು ಎಳೆದುಕೊಂಡೆ. ಅವನು ಗದರಿದ: "ಓಗ್ಲಾ, ಹತ್ತಕ್ಕೆ ಕ್ಲಾಸ್ ಐತಲ್ಲ ನಿಂಗೆ. ಮಕ್ಳು ಕಾಯ್ತಾ ಕೂತಿರ್ತವೆ." ನಾನು ಹೋದೆ. ಪರೀಕ್ಷೆ ಹತ್ತಿರವಿತ್ತು, ಪಾಠ ಉಳಿದಿತ್ತು, ಹೋದೆ. ಹನ್ನೊಂದೂಕಾಲಿಗೆ ರಂಜಿನಿಯ ಫೋನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಈ ಬರಹವನ್ನು ಮೂರು ಸಲ ಬಿಟ್ಟು ಎದ್ದದ್ದು ಇದೇ ಜಾಗದಲ್ಲಿ.

ರಂಜಿನಿ ನನಗೆ ಹೇಳಿದ್ದು ಇಷ್ಟು. ಹನ್ನೊಂದರ ಸುಮಾರಿಗೆ ಅವನ ಬಿ.ಪಿ. ಇಳಿಯತೊಡಗಿತು. ಡಾಕ್ಟರನ್ನು ಕರೆಸಿ, ಅವಳು ಅವನ ಕಿವಿಯ ಹತ್ತಿರ, "ಅಣ್ಣ, ಜೊತೆಯಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದಳು. ಅವನು ಕಣ್ಣು ಬಿಟ್ಟು ಹೌದೆಂದು ತಲೆಯಾಡಿಸಿದ. ಪೂರ್ತಿ ಎಚ್ಚರದಲ್ಲಿದ್ದ ಎಂದು ಅವಳು ಒತ್ತಿ ಹೇಳಿದಳು. "ನೀವು ಹೊರಗಿದ್ದೀರಿ ಅಂದ್ಕೊಂಡೆ ಸರ್. ಕರೆಯೋಕೆ ಕಾರಿಡಾರಿಗೆ ಓಡಿದೆ. ಬೆಂಚೆಲ್ಲ ಖಾಲಿ. ಒಬ್ರೂ ಇರಲಿಲ್ಲ." ಅವಳು ಮರಳಿ ಬಂದಾಗ ಅವನ ಉಸಿರು ನಿಂತಿತ್ತು, ಮುಖದಲ್ಲಿ ಗಾಬರಿ ಇರಲಿಲ್ಲ.

ಮಲ್ಲಿಪಟ್ಟಣದಲ್ಲಿ ಮಣ್ಣು ಮಾಡಿದ ಮರುದಿನ ಲಕ್ಷ್ಮಿದೇವಮ್ಮ ನನ್ನನ್ನು ಜಗಲಿಯ ಮೇಲೆ ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಅವರು ಕೇಳುವುದು ಏನೆಂದು ಗೊತ್ತಿದ್ದೇ ನಾನು ಎರಡು ದಿನದಿಂದ ಅವರ ಕಣ್ಣು ತಪ್ಪಿಸುತ್ತಿದ್ದೆ.

"ಕೊನೇಲಿ ನನ್ ಮಗನ ಜೊತೇಲಿ ಯಾರಿದ್ರಪ್ಪ?"

ನಾನಿರಲಿಲ್ಲ ಕಣವ್ವ, ಕ್ಲಾಸಿಗೆ ಹೋಗಿದ್ದೆ ಎಂದೆ. ಆಮೇಲೆ ರಂಜಿನಿ ಹೇಳಿದ್ದನ್ನು ಒಂದಕ್ಷರ ಕೂಡಿಸದೆ ಹೇಳಿದೆ: ಅವಳು ಕೇಳಿದ್ದು, ಅವನು ತಲೆಯಾಡಿಸಿದ್ದು, ಖಾಲಿ ಬೆಂಚು. ಅವರು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ಇನ್ನೊಂದ್ ಸಲ ಹೇಳಪ್ಪ" ಎಂದರು.

ಇನ್ನೊಂದು ಸಲ ಹೇಳಿದೆ. ಮೊದಲ ಸಲ ಆಸ್ಪತ್ರೆಯ ಸುದ್ದಿಯಂತೆ ಹೇಳಿದ್ದೆ, ಎರಡನೆಯ ಸಲ ಹೇಳುವಾಗ ಅವನು ಕಾರಿನಲ್ಲಿ ಹೇಳಿದ್ದ 'ಇರ್ತೀನಿ ಅಂದ' ಎಂಬ ಮಾತು ನನಗೆ ನೆನಪಾಯಿತು. ಆ ಮುದಿತಾಯಿ ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಯಾರು ಯಾರನ್ನು ಸಂತೈಸುತ್ತಿದ್ದೇವೆಂದು ತಿಳಿಯದೆ ಇಬ್ಬರೂ ಬಿಸಿಲು ಇಳಿಯುವವರೆಗೆ ಅಲ್ಲೇ ಕೂತಿದ್ದೆವು.