ಹವಾಲ್ದಾರರ ಹಾಜರಿ

ಬಾಳ್ಳುಪೇಟೆಯ ಹವಾಲ್ದಾರ್ ನಸ್ರುಲ್ಲಾ ಸಾಬರು ಪಟಾಲಮ್ಮು ಬಿಟ್ಟು ಹದಿನೈದು ವರ್ಷವಾದರೂ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ತಮ್ಮ ಮೈಯ ಹಾಜರಿ ಕೂಗುತ್ತಾರೆ. "ಸೊಂಟ!" ಎಂದು ಗದರಿ, ಮುಲುಗುತ್ತ ತಾವೇ "ಹಾಜರ್" ಎನ್ನುತ್ತಾರೆ. ಕೆಮ್ಮು ಕರೆಯುವ ಮೊದಲೇ ಬಂದು ಬೈಸಿಕೊಳ್ಳುತ್ತದೆ. ಕಿವುಡಾದ ಎಡಗಿವಿಗೆ ಕಾಯಂ ರಜೆ. ಯಾರಾದರೂ ಮರುಗಿದರೆ, "ನೋವೈತೆ ಅಂದ್ರೆ ಜೀವ ಐತೆ ಅಂತ ಕಣ್ರೀ, ಅಲ್ಲಾ ದೊಡ್ಡೋನು" ಎಂದು ನಗುತ್ತಾರೆ. ಬಲ ಮಂಡಿಯ ಸರದಿ ಬಂದಾಗ ದನಿ ತಗ್ಗಿಸಿ, "ಸಿಪಾಯಿ ಜವರಯ್ಯ" ಎಂದು ಕರೆಯುತ್ತಾರೆ. ಬರ್ಮಾದಲ್ಲಿ ಆ ಮಂಡಿಗೆ ಗುಂಡು ತಗುಲಿದಾಗ ಸಾಬರನ್ನು ಬೆನ್ನ ಮೇಲೆ ಹೊತ್ತು ತಂದು, ಇನ್ನೊಬ್ಬನನ್ನು ತರಲು ಹೋಗಿ ಮರಳದವನು ಜವರಯ್ಯ. ಸಾಬರು ಎದ್ದು ನಿಲ್ಲುತ್ತಾರೆ, ಮಂಡಿ ಲಟಕ್ಕೆನ್ನುತ್ತದೆ. ಪಕ್ಕದ ಮನೆಯ ಮೀನಾಕ್ಷಮ್ಮ ಕೊಟ್ಟ ಎಣ್ಣೆಯನ್ನು ಮೈಗೆಲ್ಲ ತಿಕ್ಕಿಕೊಂಡರೂ ಅಲ್ಲಿಗೆ ಮಾತ್ರ ಹಚ್ಚುವುದಿಲ್ಲ: "ಬ್ಯಾಡ ತಾಯಿ, ಅವನು ಸುಮ್ಮನಾಗ್ಬುಟ್ರೆ?"